ಬಣ್ಣಕ್ಕೆ ಮೊದಲು, ಕೈ ಎಲ್ಲಿ ತಾಗುತ್ತದೆ ನೋಡಿ

ಅಲಂಕಾರ ಕಲಿಯಲು ನನ್ನ ಬಳಿ ಬರುವವರು ಸಾಮಾನ್ಯವಾಗಿ ಮನೆಯಿಂದ ಏನಾದರೊಂದು ವಸ್ತು ಹಿಡಿದೇ ಬರುತ್ತಾರೆ. ಖಾಲಿಯಾದ ಗಾಜಿನ ಜಾಡಿ, ಹೊಳಪು ಹೋದ ತಗಡಿನ ಡಬ್ಬಿ, ಮೂಲೆ ಸವೆದ ಮರದ ಟ್ರೇ. ಕೇಳುವುದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮೇಡಂ, ಇದಕ್ಕೆ ಯಾವ ಬಣ್ಣ ಹಚ್ಚಲಿ?" ಬಣ್ಣದ ಮಾತು ಆಮೇಲೆ, ದಿನಾ ಇದನ್ನು ಹೇಗೆ ಎತ್ತುತ್ತೀರೋ ಹಾಗೆ ಒಮ್ಮೆ ಎತ್ತಿ ತೋರಿಸಿ ಎನ್ನುತ್ತೇನೆ. ಬೆರಳು ಎಲ್ಲಿ ಕೂರುತ್ತದೆ, ಬುಡ ಎಲ್ಲಿ ಉಜ್ಜುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎನ್ನುವುದು ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಆದಂತೆ. ಆ ಮೂರು ಜಾಗ ಬಿಟ್ಟು ಉಳಿದದ್ದೆಲ್ಲ ನಿಮ್ಮದು.

ದಿನಬಳಕೆಯ ವಸ್ತು ಶೋಕೇಸಿನಲ್ಲಿ ಕೂರುವುದಿಲ್ಲ. ಅದನ್ನು ತೊಳೆಯುತ್ತೇವೆ, ಎಳೆಯುತ್ತೇವೆ, ಒಂದರ ಮೇಲೊಂದು ಪೇರಿಸುತ್ತೇವೆ. ಇಡೀ ವಸ್ತುವಿಗೆ ಬಣ್ಣ ಬಳಿದರೆ ಕೆಲವೇ ತಿಂಗಳಲ್ಲಿ ಹಿಡಿಯುವ ಜಾಗದಲ್ಲಿ ಸಿಪ್ಪೆ ಏಳುತ್ತದೆ, ಮೊದಲಿಗಿಂತ ಹಳತಾಗಿ ಕಾಣುತ್ತದೆ. ಅದಕ್ಕೇ ನನಗೆ ಕೈ ತಾಗದ, ಆದರೆ ಕಣ್ಣು ಹೋಗುವ ಜಾಗಗಳೆಂದರೆ ಇಷ್ಟ. ಟ್ರೇಯಲ್ಲಿ ಲೋಟ ಉಜ್ಜುವ ತಳ ಬಿಟ್ಟು ಒಳಗೋಡೆಗಳಿಗಷ್ಟೇ ಬಣ್ಣ ಕೊಡಿ. ಪುಸ್ತಕದ ಕಪಾಟಿನ ಹಿಂಬದಿಯ ಹಲಗೆಗೆ ಒಂದು ಗಾಢ ಬಣ್ಣ ಬಂದರೆ ಸಾಕು, ಕಪಾಟೇ ಬೇರೆಯಾಗಿ ಕಾಣುತ್ತದೆ. ಡ್ರಾಯರಿನ ಪಕ್ಕದ ಹಲಗೆಗಳೂ ಹಾಗೆಯೇ: ಮುಚ್ಚಿದಾಗ ಏನೂ ಕಾಣದು, ಎಳೆದಾಗ ಫಕ್ಕನೆ ಬಣ್ಣ ಹೊರಬರುತ್ತದೆ. ಆದರೆ ಲೋಹದ ಚಾನಲ್ ಮೇಲೆ ಓಡುವ ಡ್ರಾಯರಿಗೆ ಮಾತ್ರ ಇದನ್ನು ಮಾಡಿ. ಮರದ ಮೇಲೆ ಮರವೇ ಜಾರುವ ಹಳೆಯ ಡ್ರಾಯರಿಗೆ ಬಣ್ಣದ ಪದರ ಸೇರಿದರೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ.

ಹೊಸಬರು ಗಾಜಿನಿಂದ ಶುರು ಮಾಡಲಿ ಎನ್ನುವುದು ನನ್ನ ಸಲಹೆ. ತಪ್ಪಿದರೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಹಚ್ಚಬಹುದು. ಜಾಡಿಯ ಲೇಬಲ್ಲನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆಯಿರಿ. ಉಳಿದ ಅಂಟಿನ ಮೇಲೆ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಅದು ಕರಗಿ ಬರುತ್ತದೆ. ಆಮೇಲೆ ಸೋಪಿನ ನೀರು, ಕೊನೆಗೆ ಹತ್ತಿಯಲ್ಲಿ ಸ್ಪಿರಿಟ್. ಸ್ಪಿರಿಟ್ ಒರೆಸಿದ ಮೇಲೆ ಜಾಡಿಯ ಹೊರಮೈಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಒಳಗೆ ಬೆರಳು ತೂರಿಸಿ ಹಿಡಿದುಕೊಳ್ಳಿ. ಬೆರಳಿನ ಜಿಡ್ಡು ಕಣ್ಣಿಗೆ ಕಾಣುವುದಿಲ್ಲ. ಆದರೆ ಬಣ್ಣ ಮೊದಲು ಬಿಟ್ಟುಕೊಳ್ಳುವುದು ಅಲ್ಲೇ.

ವಿನ್ಯಾಸಕ್ಕೆ ಬ್ರಷ್ಷೇ ಬೇಕೆಂದಿಲ್ಲ. ಪೆನ್ಸಿಲಿನ ಹಿಂದಿರುವ ರಬ್ಬರನ್ನು ಬಣ್ಣದಲ್ಲಿ ಅದ್ದಿ ನೇರವಾಗಿ ಒತ್ತಿ, ನೇರವಾಗಿಯೇ ಎತ್ತಿ. ಓರೆಯಾಗಿ ಎತ್ತಿದರೆ ಚುಕ್ಕೆಗೆ ಬಾಲ ಬರುತ್ತದೆ. ಜಾಡಿಯ ಭುಜದ ಹತ್ತಿರ ಚುಕ್ಕೆಗಳನ್ನು ಒತ್ತೊತ್ತಾಗಿ ಇಟ್ಟು, ಕೆಳಗಿಳಿದಂತೆ ವಿರಳ ಮಾಡುತ್ತಾ ಹೋಗಿ, ನಡುವಿನಲ್ಲಿ ಕೈ ಹಿಡಿಯುವ ಜಾಗಕ್ಕೆ ಬರುವಷ್ಟರಲ್ಲಿ ನಿಲ್ಲಿಸಿ. ಮೊದಲ ಒತ್ತಿಗೆ ದೊಡ್ಡ ಚುಕ್ಕೆ ಬರುತ್ತದೆ, ಮತ್ತೆ ಅದ್ದದೆ ಒತ್ತುತ್ತಾ ಹೋದರೆ ತೆಳುವಾಗುತ್ತಾ ಬರುತ್ತದೆ. ಈ ಏರುಪೇರೇ ಚೆಂದ, ಅಳತೆಪಟ್ಟಿ ಹಿಡಿಯಲು ಹೋಗಬೇಡಿ. ಬಾಯಿಗೆ ತಾಗುವ ಲೋಟವಾದರೆ ಅಂಚಿನಿಂದ 2 ಸೆಂ.ಮೀ. ಜಾಗ ಖಾಲಿ ಬಿಡಿ, ಒಳಗಡೆ ಬಣ್ಣ ಬೇಡವೇ ಬೇಡ.

ತೊಳೆಯುವ ಪಾತ್ರೆಗೆ, ಓವನ್ನಿನಲ್ಲಿ ಕಾಯಿಸಿ ಗಟ್ಟಿ ಮಾಡಬಹುದಾದ ಗಾಜಿನ ಬಣ್ಣಗಳು ಸಿಗುತ್ತವೆ. ಬಣ್ಣ ಪೂರ್ತಿ ಒಣಗಿದ ಮೇಲೆ ಪಾತ್ರೆಯನ್ನು ತಣ್ಣಗಿರುವ ಓವನ್ನಿನಲ್ಲೇ ಇಟ್ಟು, ನಂತರ ಬಿಸಿ ಏರಿಸಬೇಕು. ಎಷ್ಟು ಬಿಸಿ, ಎಷ್ಟು ಹೊತ್ತು ಎನ್ನುವುದು ಬಣ್ಣದ ಸೀಸೆಯ ಮೇಲೆಯೇ ಬರೆದಿರುತ್ತದೆ. ಹಲವು ಬಣ್ಣಗಳಿಗೆ ಅದು 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅರ್ಧ ಗಂಟೆಗೂ ಹೆಚ್ಚು. ಓವನ್ ಆರಿಸಿದ ಮೇಲೆ ಬಾಗಿಲು ತೆರೆಯದೆ ಒಳಗೇ ತಣಿಯಲು ಬಿಡಿ. ಬಿಸಿ ಗಾಜಿಗೆ ತಣ್ಣನೆಯ ಗಾಳಿ ಬಡಿದರೆ ಒಂದು ಭಾಗ ಕುಗ್ಗಿ ಇನ್ನೊಂದು ಭಾಗ ಹಾಗೇ ಉಳಿದು ಬಿರುಕು ಬಿಡುತ್ತದೆ.

ಪ್ಲಾಸ್ಟಿಕ್ ತಂದವರನ್ನು ಮಾತ್ರ ನಾನು ಡಬ್ಬಿ ತಿರುಗಿಸಿ ತಳ ನೋಡಲು ಹೇಳುತ್ತೇನೆ. ತ್ರಿಕೋನದೊಳಗೆ 2, 4 ಅಥವಾ 5 ಎಂದಿದ್ದರೆ ಅದು ಪಾಲಿಥಿಲೀನ್ ಇಲ್ಲವೇ ಪಾಲಿಪ್ರೊಪಿಲೀನ್. ಇವುಗಳ ಮೈಗೆ ಬಣ್ಣವಾಗಲಿ ಅಂಟಾಗಲಿ ಸುಲಭಕ್ಕೆ ಹತ್ತುವುದಿಲ್ಲ, ಒಣಗಿದ ಮೇಲೆ ಉಗುರಿನಲ್ಲಿ ಎಬ್ಬಿಸಿದರೆ ಹಾಳೆಯಂತೆ ಎದ್ದು ಬರುತ್ತದೆ. ಅಂಥ ಡಬ್ಬಿಗೆ ಬಟ್ಟೆಯ ಪಟ್ಟಿ ಹೊಲಿದು ತೊಡಿಸಿ, ಅಥವಾ ಬಣ್ಣದ ದಾರ ಸುತ್ತಿ ಗಂಟು ಹಾಕಿ. ಅಂಟಿನ ಹಂಗೇ ಬೇಡ, ಕೊಳೆಯಾದರೆ ಬಿಚ್ಚಿ ಒಗೆಯಲೂ ಬಹುದು.

ತಗಡಿನ ಡಬ್ಬಿಗೆ ತುಕ್ಕು ಉಜ್ಜಿ ತೆಗೆದು ಲೋಹದ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳಪದರ, ಹಚ್ಚಿದರೆ ಆಯಿತು, ಹೆಚ್ಚೇನೂ ಹೇಳುವುದಿಲ್ಲ. ಮಣ್ಣಿನ ಹೂಕುಂಡದ ವಿಷಯ ಮಾತ್ರ ಹೇಳಲೇಬೇಕು. ಸುಟ್ಟ ಮಣ್ಣಿನ ತುಂಬ ಸಣ್ಣ ರಂಧ್ರಗಳು. ಗಿಡಕ್ಕೆ ಹಾಕಿದ ನೀರು ಗೋಡೆಯ ಮೂಲಕ ಹೊರಗೆ ಒಸರುತ್ತದೆ, ಹೊರಗಿನ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಬಣ್ಣ ಗುಳ್ಳೆ ಏಳಲು ಕಾರಣ ಇದೇ, ಬಣ್ಣ ಕಳಪೆ ಎಂದುಕೊಳ್ಳಬೇಡಿ. ಒಳಗೋಡೆಗೆ ನೀರು ತಡೆಯುವ ಸೀಲರ್ ಹಚ್ಚಿ ಒಣಗಿಸುವುದು ಒಂದು ದಾರಿ. ನನಗೆ ಹಿಡಿಸುವ ಇನ್ನೊಂದು ದಾರಿ, ಮೇಲಿನ ಅಂಚಿನ ಪಟ್ಟಿಗಷ್ಟೇ ಬಣ್ಣ ಕೊಟ್ಟು ಕೆಳಗಿನ ಮಣ್ಣಿನ ಮೈಯನ್ನು ಹಾಗೇ ಬಿಡುವುದು. ಬೇರಿಗೆ ಗಾಳಿಯೂ ಸಿಗುತ್ತದೆ, ಮಣ್ಣಿನ ಕೆಂಪಿನ ಪಕ್ಕ ಆ ಪಟ್ಟಿಗೂ ಕಳೆ ಬರುತ್ತದೆ.

ಪಕ್ಕದ ಬಣ್ಣದ ಮಾತು ಬಂತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೀನ್ ಶೆವ್ರಲ್ 1824ರಿಂದ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕೇಂದ್ರದಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥರಾಗಿದ್ದರು. ಅಲ್ಲಿನ ಕಪ್ಪು ನೂಲು ಗಾಢವಾಗಿ ಕಾಣುವುದಿಲ್ಲ ಎಂಬ ದೂರು ಬಂದಾಗ ಅವರು ನೂಲನ್ನು ಪರೀಕ್ಷಿಸಿದರು. ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳಿಂದಾಗಿ ಕಪ್ಪು ಪೇಲವವಾಗಿ ಕಾಣುತ್ತಿತ್ತು. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ಹೇಗೆ ಬದಲಿಸಿ ತೋರಿಸುತ್ತದೆ ಎಂಬ ನಿಯಮವನ್ನು ಅವರು 1839ರಲ್ಲಿ ಪ್ರಕಟಿಸಿದರು. ನನ್ನ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ತಿಳಿವಳಿಕೆ ಇನ್ನೊಂದಿಲ್ಲ. ಹಳದಿಗಟ್ಟಿದ ಬಿಳಿ ಹೂಜಿಯನ್ನು ಅಪ್ಪಟ ಬಿಳಿ ಗೋಡೆಯ ಮುಂದಿಟ್ಟರೆ ಕೊಳಕಾಗಿ ಕಾಣುತ್ತದೆ. ಅದನ್ನೇ ಗಾಢ ನೀಲಿ ಬಟ್ಟೆಯ ಮೇಲಿಡಿ, ಬೆಣ್ಣೆಯ ಹಾಗೆ ಕಾಣುತ್ತದೆ. ಎಷ್ಟೋ ಸಲ ವಸ್ತುವಿಗೆ ಬ್ರಷ್ ತಾಗಿಸುವ ಅಗತ್ಯವೇ ಇರುವುದಿಲ್ಲ, ಅದರ ಕೆಳಗಿನ ಬಟ್ಟೆ ಬದಲಾಯಿಸಿದರೆ ಸಾಕು.

ಬಣ್ಣ ಕೊಳ್ಳುವ ಮೊದಲು ಅಂಗೈ ಅಗಲದ ಕಾಗದಕ್ಕೆ ನೀವು ಯೋಚಿಸಿರುವುದಕ್ಕೆ ಹತ್ತಿರದ ಬಣ್ಣ ಹಚ್ಚಿ, ವಸ್ತು ಇರುವ ಜಾಗದಲ್ಲೇ ಅಂಟಿಸಿ, ಬೆಳಿಗ್ಗೆ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಲ್ಬಿನ ಹಳದಿ ಬೆಳಕಿನಲ್ಲಿ ನೀಲಿ ಮಂಕಾಗುತ್ತದೆ, ಕೆಂಪು ಮತ್ತು ಕಿತ್ತಳೆ ಅರಳುತ್ತವೆ. 6500 ಕೆಲ್ವಿನ್ನಿನ ಬಿಳಿ ಬೆಳಕಿನಲ್ಲಿ ಇದು ತಿರುವುಮುರುವು. ದೀಪದ ಶೇಡ್ ಇದ್ದರೆ ಅದರ ಒಳಮೈಗೆ ಬಂಗಾರದ ಬಣ್ಣ ಹಚ್ಚಿ ನೋಡಿ, ಹೊರಗೆ ಏನನ್ನೂ ಮುಟ್ಟದೆ ಕೋಣೆಯ ಬೆಳಕೇ ಬೆಚ್ಚಗಾಗುತ್ತದೆ. ಎಲ್‌ಇಡಿ ಬಲ್ಬ್ ಇದ್ದರೆ ಮಾತ್ರ ಈ ಕೆಲಸ. ತಂತಿ ಉರಿಯುವ ಹಳೆಯ ಬಲ್ಬು ತಾನು ಪಡೆದ ವಿದ್ಯುತ್ತಿನ ಬಹುಪಾಲನ್ನು ಶಾಖ ಮಾಡುತ್ತದೆ, ಕಾಗದ ಮತ್ತು ಬಣ್ಣದ ಪಕ್ಕದಲ್ಲಿ ಅದು ಅಪಾಯ.

ನೇರ ಗೆರೆ ಬೇಕೆಂದು ಮಾಸ್ಕಿಂಗ್ ಟೇಪ್ ಅಂಟಿಸಿದರೂ ಅಂಚಿನಡಿ ಬಣ್ಣ ನುಸುಳುತ್ತದೆ ಎನ್ನುವವರು ಬಹಳ. ಟೇಪಿನ ಅಂಚನ್ನು ಉಗುರಿನಿಂದ ಒತ್ತಿ, ಅದರ ಮೇಲೆ ಮೊದಲು ಕೆಳಗಿರುವ ಬಣ್ಣವನ್ನೇ ಒಂದು ಕೈ ಹಚ್ಚಿ. ನುಸುಳುವುದಿದ್ದರೆ ಅದೇ ನುಸುಳಿ ಸಂದು ಮುಚ್ಚುತ್ತದೆ. ಅದು ಒಣಗಿದ ಮೇಲೆ ಹೊಸ ಬಣ್ಣ ಹಚ್ಚಿ, ಇನ್ನೂ ಹಸಿ ಇರುವಾಗಲೇ ಟೇಪನ್ನು ಟೇಪಿನ ಮೇಲಕ್ಕೇ ಮಡಚಿದಂತೆ ನಿಧಾನವಾಗಿ ಎಳೆಯಿರಿ.

ಹಳೆಯ ಬಣ್ಣವಿರುವ ಕುರ್ಚಿ, ಮೇಜುಗಳ ಬಗ್ಗೆ ಒಂದು ಎಚ್ಚರಿಕೆ. ಹಿಂದಿನ ಕಾಲದ ಎಷ್ಟೋ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಒಣ ಉಪ್ಪುಕಾಗದದಿಂದ ಉಜ್ಜಿದರೆ ಆ ಧೂಳು ಮನೆಯೆಲ್ಲ ಹರಡುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಯಾವ ಕಾಲದ ಬಣ್ಣವೆಂದು ಗೊತ್ತಿಲ್ಲದಿದ್ದರೆ ಉಜ್ಜಲೇಬೇಡಿ, ಡ್ರಾಯರ್ ಇದ್ದರೆ ಅದರ ಹಿಡಿಕೆಗಳನ್ನಷ್ಟೇ ಬದಲಿಸಿ. ಹೊಸ ಹಿಡಿಕೆ ಕೊಳ್ಳುವಾಗ ಎರಡು ತೂತುಗಳ ನಡುಬಿಂದುಗಳ ಅಂತರ ಅಳೆದುಕೊಂಡು ಹೋಗಿ. ಸಾಮಾನ್ಯವಾಗಿ ಅದು 96 ಅಥವಾ 128 ಮಿ.ಮೀ. ಇರುತ್ತದೆ, ಅಳತೆ ಕೂಡಿದರೆ ಹೊಸ ತೂತು ಕೊರೆಯುವ ಗೋಜಿಲ್ಲ.

ಕೆಲಸ ಮುಗಿದ ಮೇಲೆ ಆತುರ ಬೇಡ. ಅಕ್ರಿಲಿಕ್ ಬಣ್ಣ ಅರ್ಧ ಗಂಟೆಯಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ, ಒಳಗಿನಿಂದ ಗಟ್ಟಿಯಾಗಲು ಮಾತ್ರ ವಾರಗಳೇ ಬೇಕು. ಅಷ್ಟರೊಳಗೆ ಬಣ್ಣ ಹಚ್ಚಿದ ಎರಡು ಟ್ರೇಗಳನ್ನು ಒಂದರೊಳಗೊಂದು ಇಟ್ಟರೆ ಕಚ್ಚಿಕೊಂಡು, ಬಿಡಿಸುವಾಗ ಒಂದರ ಬಣ್ಣ ಇನ್ನೊಂದಕ್ಕೆ ಹೋಗುತ್ತದೆ. ಗಾಳಿಯಾಡುವ ಕಡೆ ಬಿಡಿಬಿಡಿಯಾಗಿ ನಿಲ್ಲಿಸಿಡಿ. ಕಾಣದ ಒಂದು ಮೂಲೆಯಲ್ಲಿ ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿ: ಗುರುತು ಬಿದ್ದರೆ ಇನ್ನೊಂದು ವಾರ ಕಾಯಿರಿ, ಬೀಳದಿದ್ದರೆ ಬಳಸಲು ಶುರು ಮಾಡಿ.