ಮಗು ಬಣ್ಣವನ್ನು ಬಾಯಿಗೆ ಹಾಕಿಕೊಂಡರೆ: ‘ನಾನ್‌-ಟಾಕ್ಸಿಕ್‌’ ಎಂಬ ಬರಹವೊಂದೇ ಸಾಕೇ?

ಪ್ರಶ್ನೆ: ನಮ್ಮ ಮಗಳಿಗೆ ಎರಡು ವರ್ಷ. ಚಿತ್ರ ಬಿಡಿಸಲು ಕೊಟ್ಟ ಕ್ರೇಯಾನ್‌ಗಳನ್ನು ಕಚ್ಚಿ ತಿನ್ನುತ್ತಾಳೆ. ಡಬ್ಬಿಯ ಮೇಲೆ ‘ನಾನ್‌-ಟಾಕ್ಸಿಕ್‌’ ಎಂದು ಬರೆದಿದ್ದರೆ ಸಾಕೇ, ಅಥವಾ ಮನೆಯಲ್ಲೇ ಬಣ್ಣ ತಯಾರಿಸಿಕೊಡುವುದು ಒಳ್ಳೆಯದೇ?

ಉತ್ತರ: ವಿಷವಲ್ಲದ ಕ್ರೇಯಾನ್‌ನ ಒಂದೆರಡು ಚೂರು ಹೊಟ್ಟೆಗೆ ಹೋದರೆ ಗಾಬರಿಪಡಬೇಕಾಗಿಲ್ಲ. ಅದರಲ್ಲಿರುವುದು ಬಹುಪಾಲು ಮೇಣ. ಅದು ಸಾಮಾನ್ಯವಾಗಿ ಮಲದೊಂದಿಗೆ ಹೊರಹೋಗುತ್ತದೆ. ಈ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಅಪಾಯವೆಂದರೆ ಆ ಚೂರು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವುದು, ಮತ್ತು ಇದರ ಬಗ್ಗೆ ಡಬ್ಬಿಯ ಮೇಲಿನ ಆ ಬರಹ ಏನನ್ನೂ ಹೇಳುವುದಿಲ್ಲ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಪುಟ್ಟ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಹಿಡಿಯುವ ಬಿಡಿ ವಸ್ತು ಈ ಮಕ್ಕಳ ಕೈಗೆ ಸಿಗಬಾರದೆಂಬುದು ನಿಯಮ. ಮಣಿ, ಗುಂಡಿ, ಅಂಟಿಸುವ ಪ್ಲಾಸ್ಟಿಕ್ ಕಣ್ಣು, ಮುರಿದ ಕ್ರೇಯಾನ್ ತುಂಡು ಇವೆಲ್ಲ ಅದರಲ್ಲಿ ಸಲೀಸಾಗಿ ಹಿಡಿಯುತ್ತವೆ. ಆದ್ದರಿಂದ ದಪ್ಪನೆಯ ಕ್ರೇಯಾನ್‌ಗಳನ್ನೇ ಕೊಡಿ, ಮುರಿದವನ್ನು ಆಗಲೇ ಎತ್ತಿಡಿ, ಮಗುವನ್ನು ಒಂದೆಡೆ ಕೂರಿಸಿ ನೀವೂ ಪಕ್ಕದಲ್ಲೇ ಇರಿ. ನೀರಿನಲ್ಲಿ ಊದಿಕೊಳ್ಳುವ ಬಣ್ಣದ ಜೆಲ್ಲಿ ಗುಂಡುಗಳನ್ನಂತೂ ಮನೆಗೇ ತರಬೇಡಿ. ನುಂಗುವಾಗ ಸಾಸಿವೆಯಷ್ಟಿದ್ದ ಗುಂಡು ಒಳಗೆ ಊದಿ ಕರುಳನ್ನೇ ಕಟ್ಟಬಲ್ಲದು. ಸಾಮಾನ್ಯ ಎಕ್ಸ್‌-ರೇಯಲ್ಲಿ ಅದು ಕಾಣುವುದೂ ಕಷ್ಟ.

ಭಾರತದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆಟಿಕೆಯೆಂದು ಮಾರುವ ಬೆರಳುಬಣ್ಣ, ಬಣ್ಣದ ಕ್ಲೇ ಮುಂತಾದವನ್ನು ಕೊಳ್ಳುವಾಗ ಈ ಗುರುತನ್ನು ಹುಡುಕಿ.

ಮನೆಯ ಬಣ್ಣಗಳ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಆತಂಕವಿದೆ, ಏಕೆಂದರೆ ಅಡುಗೆಮನೆಯದು, ದೇವರ ಮನೆಯದು ಎಂಬ ನಂಬಿಕೆಯೇ ನಮ್ಮ ಎಚ್ಚರವನ್ನು ಸಡಿಲಗೊಳಿಸುತ್ತದೆ. ಬೀಟ್‌ರೂಟ್ ಅಥವಾ ಪಾಲಕ್ ರಸವನ್ನು ಮೈದಾ ಗಂಜಿಯಲ್ಲಿ ಬೆರೆಸಿ ಕೊಡಬಹುದು. ಹಿಟ್ಟನ್ನು ಚೆನ್ನಾಗಿ ಬೇಯಿಸಿರಬೇಕು, ಏಕೆಂದರೆ ಹಸಿ ಹಿಟ್ಟಿನಲ್ಲಿ ರೋಗಾಣುಗಳಿರಬಹುದು. ಬಿಡಿಯಾಗಿ ಮಾರುವ ಅರಿಶಿನಕ್ಕೆ ಬಣ್ಣ ಹೆಚ್ಚಿಸಲು ಸೀಸದ ಕ್ರೋಮೇಟ್ ಬೆರೆಸಿದ ಪ್ರಕರಣಗಳಿವೆ, ಸೀಸವು ಬೆಳೆಯುವ ಮಿದುಳಿಗೆ ಹಾನಿಕರ. ಕುಂಕುಮ, ಸಿಂಧೂರ ಮತ್ತು ರಂಗೋಲಿ ಬಣ್ಣಗಳನ್ನು ತಿನ್ನುವ ವಸ್ತುವೆಂದು ಯಾರೂ ತಯಾರಿಸಿರುವುದಿಲ್ಲ. ರಂಗೋಲಿ ಪುಡಿಯ ಧೂಳು ಶ್ವಾಸಕ್ಕೂ ಒಳ್ಳೆಯದಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಸುಣ್ಣದ ಬಗ್ಗೆ ಜಾಗ್ರತೆಯಿರಲಿ. ಓಕುಳಿಯ ಕೆಂಪಿಗಾಗಿ ಅರಿಶಿನಕ್ಕೆ ಬೆರೆಸುವ, ಎಲೆಯಡಿಕೆಗೆಂದು ಟ್ಯೂಬುಗಳಲ್ಲಿ ಬರುವ ಇದೇ ಸುಣ್ಣ ಕಣ್ಣಿಗೆ ಸಿಡಿದರೆ ಕ್ಷಾರವು ಕಣ್ಣಿನ ಒಳಪದರಗಳಿಗೆ ಇಳಿಯುತ್ತಾ ಹೋಗಿ ದೃಷ್ಟಿಯನ್ನೇ ಕಸಿಯಬಲ್ಲದು. ಹಾಗಾದಲ್ಲಿ ಆಸ್ಪತ್ರೆಗೆ ಓಡುವ ಮೊದಲೇ ರೆಪ್ಪೆಗಳನ್ನು ಬಿಡಿಸಿ ಹಿಡಿದು, ಶುದ್ಧ ನೀರನ್ನು ಕನಿಷ್ಠ 15 ನಿಮಿಷ ಎಡೆಬಿಡದೆ ಹಾಯಿಸಬೇಕು. ಹಿಟ್ಟು ಮತ್ತು ಉಪ್ಪಿನ ಕಣಕದಲ್ಲಿ ಗೊಂಬೆ ಮಾಡಿಸುವವರು ಮಗು ಅದನ್ನು ತಿನ್ನದಂತೆ ನೋಡಿಕೊಳ್ಳಬೇಕು. ಅದರಲ್ಲಿರುವ ಉಪ್ಪು ಪುಟ್ಟ ದೇಹಕ್ಕೆ ಅತಿಯಾಗುತ್ತದೆ.

ಬಣ್ಣವನ್ನು ಹೆಚ್ಚು ನುಂಗಿದ್ದರೆ ವಾಂತಿ ಮಾಡಿಸಬೇಡಿ; ಬಾಯಿ ಒರೆಸಿ, ಡಬ್ಬಿಯನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದಿದ್ದರೆ, ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲೆ, ಎರಡು ಭುಜಗಳ ನಡುವೆ, ಅಂಗೈಯ ಬುಡದಿಂದ ಐದು ಸಲ ಗುದ್ದಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ, ಹೀಗೆಯೇ ಮುಂದುವರಿಸಿ. ಅಷ್ಟರಲ್ಲಿ ಮತ್ತೊಬ್ಬರು 108ಕ್ಕೆ ಕರೆ ಮಾಡಲಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಮೂಗಿಗೆ ತೂರಿಸಿಕೊಂಡ ಮಣಿಯನ್ನೂ ಪಿನ್ನಿನಿಂದ ಕೀಳಲು ಹೋಗದೆ ಕಿವಿ-ಮೂಗು-ಗಂಟಲು ವೈದ್ಯರಿಂದಲೇ ತೆಗೆಸಿ.