ಮೂರು ಟಿವಿ, ಒಂದೇ ಕೇಬಲ್: ಬೂಸ್ಟರ್ ಹಾಕಿದರೆ ಸರಿಹೋಗುತ್ತಾ?

ಪ್ರಶ್ನೆ: ಮನೆಗೆ ಬರೋದು ಒಂದೇ ಕೇಬಲ್. ಫೋರ್ ವೇ ಸ್ಪ್ಲಿಟರ್ ಹಾಕಿ ಹಾಲ್, ರೂಮು, ಮಹಡಿ ಮೂರೂ ಕಡೆ ಎಳೆದಿದ್ದೇವೆ. ಮೂರಕ್ಕೂ ಬೇರೆ ಬೇರೆ ಬಾಕ್ಸ್ ಇದೆ. ಮಹಡಿಯ ಟಿವಿಯಲ್ಲಿ ಮಾತ್ರ ಕೆಲವು ಚಾನೆಲ್ ಚೌಕ ಚೌಕವಾಗಿ ಒಡೆಯುತ್ತವೆ. ಆ ಟಿವಿ ಹಿಂದೆ ಒಂದು ಬೂಸ್ಟರ್ ಹಾಕಿದರೆ ಸರಿಹೋಗುತ್ತಾ?

ಉತ್ತರ: ಹೋಗಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ವಾರ ಇನ್ನೊಬ್ಬರು ಇದನ್ನೇ ಕೇಳುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಮೊದಲು ಲೆಕ್ಕ. ಸ್ಪ್ಲಿಟರ್ ಬಂದ ಸಿಗ್ನಲ್ಲನ್ನು ಪಾಲು ಮಾಡುತ್ತದೆ, ಅಷ್ಟೇ. ಟೂ ವೇ ಆದರೆ ಪ್ರತಿ ಔಟ್‌ನಲ್ಲಿ ಸುಮಾರು 3.5 ಡೆಸಿಬೆಲ್ (ಸಿಗ್ನಲ್ ಬಲದ ಏರಿಳಿತದ ಅಳತೆ, ಚಿಕ್ಕದಾಗಿ ಡಿಬಿ) ಇಳಿಯುತ್ತದೆ. ಫೋರ್ ವೇ ಆದರೆ 7, ಎಯ್ಟ್ ವೇ ಆದರೆ 11ರ ಹತ್ತಿರ. ಉಳಿದ ಟಿವಿಗಳನ್ನು ಆಫ್ ಮಾಡಿದರೂ ಈ ಪಾಲು ಬದಲಾಗುವುದಿಲ್ಲ. ವೈರೂ ತನ್ನ ಪಾಲು ತಿನ್ನುತ್ತದೆ. ಒಳ್ಳೆಯ ಆರ್‌ಜಿ-6 ವೈರ್ 20 ಮೀಟರ್ ಎಳೆದರೆ ಮೇಲಿನ ಫ್ರೀಕ್ವೆನ್ಸಿಗಳಲ್ಲಿ 4 ಡೆಸಿಬೆಲ್ ಹೋಗುತ್ತದೆ, ಕೆಳಗಿನವುಗಳಲ್ಲಿ 1ರಷ್ಟು ಮಾತ್ರ. ನಿಮ್ಮಲ್ಲಿ ಎಲ್ಲ ಚಾನೆಲ್ ಒಡೆಯದೆ ಕೆಲವೇ ಒಡೆಯೋದಕ್ಕೆ ಇದೂ ಒಂದು ಕಾರಣ.

ಈಗ ಮನೆ ಬಾಗಿಲಿಗೆ 65 ಡೆಸಿಬೆಲ್ ಮೈಕ್ರೋವೋಲ್ಟ್ (ಕೇಬಲ್‌ನವರು ಸಿಗ್ನಲ್ ಮಟ್ಟ ಅಳೆಯುವ ಮಾನ) ಬರುತ್ತಿದೆ ಅಂತಿಟ್ಟುಕೊಳ್ಳಿ. ಸ್ಪ್ಲಿಟರ್‌ಗೆ 7 ಕಳೆಯಿರಿ, ವೈರಿಗೆ 4 ಕಳೆಯಿರಿ. 54 ಉಳಿಯಿತು. ಸಾಮಾನ್ಯವಾಗಿ ಬಾಕ್ಸ್‌ಗೆ 50ರ ಆಸುಪಾಸು ಇದ್ದರೂ ಸಾಕು. ಅಂದರೆ ಇಂಥ ಮನೆಗೆ ಬೂಸ್ಟರೇ ಬೇಡ. ಆದರೂ ಚಿತ್ರ ಒಡೆಯುತ್ತಿದ್ದರೆ ತೊಂದರೆ ಬೇರೆ ಎಲ್ಲೋ ಇದೆ.

‘ಅಲ್ಲ ಸಾರ್, ನಮ್ಮಪ್ಪನ ಕಾಲದಲ್ಲಿ ಬೂಸ್ಟರ್ ಹಾಕಿದ ತಕ್ಷಣ ಚಿತ್ರ ಬರ್ತಿತ್ತು’ ಅಂತೀರಿ. ಬರ್ತಿತ್ತು, ನಿಜ. ಆದರೆ ಆಗ ಬೂಸ್ಟರ್ ಎಲ್ಲಿರುತ್ತಿತ್ತು? ತಾರಸಿ ಮೇಲೆ, ಆಂಟೆನಾ ಕಂಬದಲ್ಲಿ. ಟಿವಿ ಪಕ್ಕದಲ್ಲಿ ಕೆಂಪು ದೀಪ ಉರಿಸಿಕೊಂಡು ಕೂತಿರುತ್ತಿದ್ದ ಡಬ್ಬಿ ಬರೀ ಅಡಾಪ್ಟರ್. ಅದು ಅದೇ ವೈರಿನಲ್ಲಿ ಮೇಲಕ್ಕೆ ಕರೆಂಟ್ ಕಳಿಸುತ್ತಿತ್ತು. ಎಲ್ಲರ ಕಣ್ಣಿಗೆ ಬಿದ್ದಿದ್ದು ಆ ಡಬ್ಬಿ. ಹಾಗಾಗಿ ಬೂಸ್ಟರ್ ಅಂದರೆ ಟಿವಿ ಹಿಂದೆ ಹಾಕುವ ವಸ್ತು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ದೂರದರ್ಶನ ಕಾಲದ ಮೆಕ್ಯಾನಿಕ್ಕುಗಳು ದಡ್ಡರಲ್ಲ. ಸಿಗ್ನಲ್ ವೈರಿನಲ್ಲಿ ಸೊರಗುವ ಮೊದಲೇ ಅದನ್ನು ಹಿಗ್ಗಿಸಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಯಾಕೆ ಮೊದಲೇ? ಸೊರಗಿದ ಸಿಗ್ನಲ್ ಜೊತೆ ನಾಯ್ಸ್, ಅಂದರೆ ಬೇಡದ ಕಲಬೆರಕೆ, ಸೇರಿಕೊಂಡಿರುತ್ತದೆ. ಬೂಸ್ಟರ್ ಎರಡನ್ನೂ ಒಟ್ಟಿಗೆ ಹಿಗ್ಗಿಸುತ್ತದೆ, ಜೊತೆಗೆ ತನ್ನದೂ ಸ್ವಲ್ಪ ನಾಯ್ಸ್ ಸೇರಿಸುತ್ತದೆ. ಛತ್ರದ ಗಲಾಟೆಯಲ್ಲಿ ಯಾರದೋ ಮಾತು ರೆಕಾರ್ಡ್ ಮಾಡಿಕೊಂಡು ಬಂದು, ಮನೆಯಲ್ಲಿ ವಾಲ್ಯೂಮ್ ಏರಿಸಿದ ಹಾಗೆ. ಗಲಾಟೆಯೂ ಜೋರಾಗುತ್ತೆ, ಅಲ್ವಾ?

ನಂಬಿಕೆ ಇಲ್ಲದಿದ್ದರೆ ಬಾಕ್ಸ್‌ನ ಮೆನು ನೋಡಿ. ಸಾಮಾನ್ಯವಾಗಿ ಸ್ಟ್ರೆಂತ್, ಕ್ವಾಲಿಟಿ ಅಂತ ಎರಡು ಪಟ್ಟಿ ಇರುತ್ತವೆ. ಟಿವಿ ಹಿಂದೆ ಬೂಸ್ಟರ್ ಹಾಕಿದರೆ ಸ್ಟ್ರೆಂತ್ ಏರುತ್ತದೆ, ಕ್ವಾಲಿಟಿ ಅಲ್ಲೇ ಇರುತ್ತದೆ ಅಥವಾ ಇಳಿಯುತ್ತದೆ. ಬಾಕ್ಸ್‌ಗೆ ಮುಖ್ಯ ಕ್ವಾಲಿಟಿ. ಅನಲಾಗ್ ಕಾಲದಲ್ಲಿ ಸಿಗ್ನಲ್ ಕೆಟ್ಟಷ್ಟೂ ಪರದೆ ಮೇಲೆ ಚುಕ್ಕೆ ಜಾಸ್ತಿಯಾಗುತ್ತಿತ್ತು, ಹೇಗೋ ನೋಡಬಹುದಿತ್ತು. ಡಿಜಿಟಲ್‌ನಲ್ಲಿ ಒಂದು ಹಂತದವರೆಗೆ ಚೆನ್ನಾಗಿರುತ್ತದೆ. ಅದಕ್ಕಿಂತ ಸ್ವಲ್ಪ ಇಳಿದರೂ ಚೌಕ, ಆಮೇಲೆ ‘ನೋ ಸಿಗ್ನಲ್’. ಇನ್ನು ಅಂಗಡಿಯವನು ‘30 ಡಿಬಿ ಸಾರ್, ಪವರ್‌ಫುಲ್’ ಅಂತ ಕೊಟ್ಟಿದ್ದನ್ನು ಚೆನ್ನಾಗಿಯೇ ಬರುತ್ತಿರುವ ಸಿಗ್ನಲ್‌ಗೆ ಹಾಕಿದರೆ ಚಾನೆಲ್‌ಗಳು ಒಂದರೊಳಗೊಂದು ನುಗ್ಗಿ ಹಾಲ್‌ನ ಟಿವಿಯ ಚಿತ್ರವೂ ಹಾಳಾಗುತ್ತದೆ.

ಹಾಗಾದರೆ ಮಾಡೋದೇನು? ಮಹಡಿಯ ಬಾಕ್ಸನ್ನು ಕೆಳಗೆ ತಂದು, ಸ್ಪ್ಲಿಟರ್ ಬಿಟ್ಟು, ಬರುವ ಕೇಬಲ್‌ಗೇ ನೇರ ಸಿಕ್ಕಿಸಿ. ಅಲ್ಲೂ ಒಡೆದರೆ ಮತ್ತು ಹಾಲ್‌ನ ಬಾಕ್ಸ್ ಅದೇ ಕೇಬಲ್‌ನಲ್ಲಿ ಸರಿಯಿದ್ದರೆ, ಕೆಟ್ಟಿರುವುದು ಬಾಕ್ಸ್. ಎರಡೂ ಒಡೆದರೆ ಕೇಬಲ್‌ನವರನ್ನು ಕರೆಯಿರಿ, ಮೀಟರ್ ತರೋದಕ್ಕೆ ಹೇಳಿ. ಚೆನ್ನಾಗಿ ಬಂದರೆ ತಪ್ಪು ನಿಮ್ಮ ಮನೆಯೊಳಗಿದೆ. ಹೆಚ್ಚಿನ ಸಲ ವೈರಿನ ತುದಿಯ ಪಿನ್ನೇ ಕಾರಣ: ಹೊರಗಿನ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿರುತ್ತದೆ. ಇಲ್ಲವೇ ಎರಡು ವೈರ್ ಹೊಸೆದು ಟೇಪ್ ಸುತ್ತಿದ ಜಾಯಿಂಟ್, ಅದರೊಳಗೆ ಮಳೆನೀರು. ಇವನ್ನು ಸರಿಮಾಡಿಸಿ.

ಮೂರೇ ಟಿವಿಗೆ ಫೋರ್ ವೇ ಯಾಕೆ ಹಾಕಿದಿರೋ! ಕೆಲವು ತ್ರೀ ವೇ ಸ್ಪ್ಲಿಟರ್‌ಗಳಲ್ಲಿ ಒಂದು ಔಟ್ 3.5, ಉಳಿದೆರಡು 7 ಅಂತ ಬರೆದಿರುತ್ತದೆ. ಆ 3.5ರದ್ದನ್ನು ಮಹಡಿಗೆ ಕೊಡಿ. ಫೋರ್ ವೇನೇ ಇಟ್ಟುಕೊಂಡರೆ ಖಾಲಿ ಔಟ್‌ಗೆ 75 ಓಮ್ ಟರ್ಮಿನೇಟರ್ (ಔಟ್ ಮುಚ್ಚುವ ಪುಟ್ಟ ಮುಚ್ಚಳ) ಹಾಕಿ. ಇಷ್ಟಾದ ಮೇಲೂ ಸ್ಟ್ರೆಂತ್ ಸಾಲದಿದ್ದರೆ, ಬಾಗಿಲಲ್ಲಿ ಕ್ವಾಲಿಟಿ ಚೆನ್ನಾಗಿದ್ದರೆ, ಆಗ ಬೂಸ್ಟರ್ ಹಾಕಬಹುದು. 10-15 ಡಿಬಿಯದ್ದು ಸಾಕು. ಹಾಕುವ ಜಾಗ ಸ್ಪ್ಲಿಟರ್‌ಗಿಂತ ಮೊದಲು.

ಇಷ್ಟು ಓದಿದವರಲ್ಲಿ ಯಾರಾದರೂ ಇದೇ ಸ್ಪ್ಲಿಟರ್ ತೆಗೆದುಕೊಂಡು ಹೋಗಿ ಡಿಶ್ ವೈರಿಗೆ ಹಾಕುತ್ತಾರೆ, ಗೊತ್ತು. ಬೇಡ. ಕೇಬಲ್ ಸ್ಪ್ಲಿಟರ್‌ಗಳು ಸಾಮಾನ್ಯವಾಗಿ 1000 ಮೆಗಾಹರ್ಟ್ಸ್‌ವರೆಗಿನವು. ಡಿಟಿಎಚ್ ವೈರಿನಲ್ಲಿ ಓಡೋದು 950ರಿಂದ 2150. ಮೇಲಾಗಿ ಬಾಕ್ಸ್ ಅದೇ ವೈರಿನಲ್ಲಿ ಎಲ್‌ಎನ್‌ಬಿಗೆ (ಡಿಶ್ ಮುಂದೆ ಇರುವ, ಸಿಗ್ನಲ್ ಹಿಡಿಯುವ ಡಬ್ಬಿ) ನೋಡುವ ಚಾನೆಲ್‌ಗೆ ತಕ್ಕಂತೆ 13 ಅಥವಾ 18 ವೋಲ್ಟ್ ಕಳಿಸುತ್ತದೆ. ಒಂದು ಬಾಕ್ಸ್ 13 ಕೇಳಿ, ಇನ್ನೊಂದು 18 ಕೇಳಿದರೆ ಮೊದಲನೆಯದರ ಚಾನೆಲ್ ಹೋಗುತ್ತದೆ. ಎರಡು ಬಾಕ್ಸ್ ಇದ್ದರೆ ಎರಡು ಔಟ್ ಇರುವ ಟ್ವಿನ್ ಎಲ್‌ಎನ್‌ಬಿ ಹಾಕಿಸಿ, ಪ್ರತಿಯೊಂದಕ್ಕೂ ಬೇರೆ ವೈರ್ ಎಳೆಸಿ.