ಗರ್ಭಕೋಶ ತೆಗೆಸಿದ ಮೇಲೂ ಅಂಡಾಶಯದ ಕ್ಯಾನ್ಸರ್ ಬರುತ್ತದಾ?

ಪ್ರಶ್ನೆ: ನನಗೆ 46 ವರ್ಷ. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೆ ಬೆಳೆಯುವ ಕಾಯಿಲೆ) ಇತ್ತು, ಅದರಿಂದ ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ಗುಳ್ಳೆ, ಅಂದರೆ ಚಾಕೊಲೇಟ್ ಸಿಸ್ಟ್ ಕೂಡ ಆಗಿತ್ತು. ಎರಡು ವರ್ಷದ ಹಿಂದೆ ಗರ್ಭಕೋಶ ತೆಗೆದರು. ಇನ್ನು ಅಂಡಾಶಯದ ಕ್ಯಾನ್ಸರ್ ಭಯ ಇಲ್ಲ ಅಲ್ವಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಆಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯನ್ನೂ ಬಯಾಪ್ಸಿ ರಿಪೋರ್ಟನ್ನೂ ಹುಡುಕಿ ತೆಗೆಯಿರಿ. ‘ಗರ್ಭಕೋಶ ತೆಗೆದರು’ ಅನ್ನುವ ಒಂದೇ ಮಾತಿನ ಹಿಂದೆ ಬೇರೆ ಬೇರೆ ಆಪರೇಷನ್‌ಗಳು ಇರುತ್ತವೆ. ‘ಹಿಸ್ಟರೆಕ್ಟಮಿ’ ಅಂತ ಮಾತ್ರ ಬರೆದಿದ್ದರೆ ಹೋಗಿರುವುದು ಗರ್ಭಕೋಶ. ಜೊತೆಗೆ ‘ಸಾಲ್ಪಿಂಜೆಕ್ಟಮಿ’ ಅಂತ ಇದ್ದರೆ ಗರ್ಭನಾಳವೂ ಹೋಗಿದೆ. ‘ಊಫೊರೆಕ್ಟಮಿ’ ಅಂದರೆ ಅಂಡಾಶಯ. ‘ಬೈಲ್ಯಾಟರಲ್’ ಅಂದರೆ ಎರಡೂ ಕಡೆ. ತನ್ನ ಹೊಟ್ಟೆಯಿಂದ ಏನೇನು ತೆಗೆದರು ಅನ್ನುವುದೇ ಗೊತ್ತಿಲ್ಲದ ಹೆಂಗಸರು ಎಷ್ಟೋ ಜನ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅಂಡಾಶಯ ಉಳಿದಿದ್ದರೆ ಕ್ಯಾನ್ಸರ್ ಸಾಧ್ಯತೆ ಪೂರ್ತಿ ಹೋಗಿಲ್ಲ. ಆದರೆ ಗರ್ಭನಾಳ ಇದೆಯೋ ಇಲ್ಲವೋ ಅನ್ನುವುದು ಬಹಳ ಮುಖ್ಯ. ಅದರ ತುದಿ ಬಟ್ಟೆಯ ಅಂಚಿನ ಕುಚ್ಚಿನ ಹಾಗೆ ಎಳೆಎಳೆಯಾಗಿ ಅಂಡಾಶಯದ ಮೇಲೆ ಬಾಗಿರುತ್ತದೆ. ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಜಾಸ್ತಿ ಕಾಣುವುದು, ಬೇಗ ಹರಡುವುದು ಹೈ ಗ್ರೇಡ್ ಸೀರಸ್ ಅನ್ನುವ ಬಗೆ. ಅದು ಹೆಚ್ಚಿನ ಸಲ ಶುರುವಾಗುವುದೇ ಈ ಕುಚ್ಚಿನಲ್ಲಿ. ಈ ಶತಮಾನದ ಶುರುವಿನವರೆಗೂ ವೈದ್ಯರು ಹುಡುಕುತ್ತಿದ್ದದ್ದು ಅಂಡಾಶಯದಲ್ಲಿ! ಅದಕ್ಕೇ ಈಗ ಮಕ್ಕಳು ಸಾಕು ಅಂದವರಿಗೆ ಗರ್ಭಕೋಶ ತೆಗೆಯುವಾಗ ನಾಳಗಳನ್ನೂ ತೆಗೆದು, ಅಂಡಾಶಯವನ್ನು ಉಳಿಸುವ ಪದ್ಧತಿ ಬಂದಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2010ರಿಂದಲೇ ಇದನ್ನು ಶುರು ಮಾಡಿದರು. ನಾಳ ಕಟ್ಟಿ ಮಾಡುವ ಸಂತಾನಹರಣ ಆಪರೇಷನ್‌ನಿಂದಲೂ ಅಪಾಯ ಸ್ವಲ್ಪ ತಗ್ಗುತ್ತದೆ.

ಇನ್ನು ಎಂಡೋಮೆಟ್ರಿಯೋಸಿಸ್. ಅದಕ್ಕೂ ಈ ಕ್ಯಾನ್ಸರಿಗೂ ನಂಟು ಇರುವುದು ನಿಜ, ಅದರಲ್ಲೂ ಕ್ಲಿಯರ್ ಸೆಲ್ ಮತ್ತು ಎಂಡೋಮೆಟ್ರಿಯಾಯ್ಡ್ ಬಗೆಗಳ ಜೊತೆ. ಅಮೆರಿಕದ ಯೂಟಾ ರಾಜ್ಯದಲ್ಲಿ 2024ರಲ್ಲಿ ಬಂದ ಅಧ್ಯಯನ, ಅಪಾಯ ಸುಮಾರು ನಾಲ್ಕು ಪಟ್ಟು ಅಂದಿತು. ಓದಿದರೆ ಎದೆ ಧಸಕ್ಕನ್ನುತ್ತದೆ. ಆದರೆ ಅದೇ ಅಧ್ಯಯನದ ಲೆಕ್ಕದಲ್ಲಿ, 10,000 ಹೆಂಗಸರಲ್ಲಿ ಹೆಚ್ಚುವರಿಯಾಗಿ ಕ್ಯಾನ್ಸರ್ ಬರುವುದು ಸುಮಾರು 10 ಜನಕ್ಕೆ. ‘ಎಷ್ಟು ಪಟ್ಟು’ ಅಂತ ಯಾರಾದರೂ ಹೆದರಿಸಿದರೆ ‘ಎಷ್ಟು ಜನಕ್ಕೆ’ ಅಂತ ಕೇಳಿ. ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ ಆದವರಿಗೆ ಅಪಾಯ ಇನ್ನೂ ಸ್ವಲ್ಪ ಜಾಸ್ತಿ. ನಿಮ್ಮ ಸಿಸ್ಟ್ ಪೂರ್ತಿ ತೆಗೆದರಾ, ಈಗ ಏನಾದರೂ ಉಳಿದಿದೆಯಾ ಅಂತ ಡಾಕ್ಟರನ್ನು ಬಿಡಿಸಿ ಕೇಳಿ.

ಬೇರೆ ತೊಂದರೆ ಇರುವವರಿಗೂ ಒಂದು ಮಾತು. ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಗಡ್ಡೆ, ಕ್ಯಾನ್ಸರಿಗೆ ತಿರುಗುವುದು ಬಹಳ ಅಪರೂಪ. ಸುಮ್ನೆ ನೀರು ತುಂಬಿದ ಸಾದಾ ಸಿಸ್ಟ್‌ಗೂ ಹೆದರಬೇಕಿಲ್ಲ. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇದ್ದವರು ಗಮನ ಕೊಡಬೇಕಾದ್ದು ಗರ್ಭಕೋಶದ ಒಳಪದರದ ಕಡೆಗೆ.

ಹಾಗಾದರೆ ಅಂಡಾಶಯವನ್ನೂ ತೆಗೆಸಿಬಿಡಲಾ? ಅವಸರ ಬೇಡ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ತೆಗೆದರೆ ಹಾರ್ಮೋನು ಒಮ್ಮೆಲೇ ನಿಂತು ಮೂಳೆಗೂ ಹೃದಯಕ್ಕೂ ಏಟು ಬೀಳುತ್ತದೆ. ಆದರೆ ತಾಯಿಗೋ ಅಕ್ಕತಂಗಿಯರಿಗೋ ಅಂಡಾಶಯದ ಕ್ಯಾನ್ಸರ್, ಅಥವಾ ಚಿಕ್ಕ ವಯಸ್ಸಿಗೇ ಸ್ತನ ಕ್ಯಾನ್ಸರ್ ಬಂದಿದ್ದರೆ ಲೆಕ್ಕವೇ ಬೇರೆ. ಆಗ ಡಾಕ್ಟರ ಹತ್ತಿರ ಬಿಆರ್‌ಸಿಎ ಜೀನ್ ಪರೀಕ್ಷೆಯ ಮಾತೆತ್ತಿ; ಈ ಜೀನ್‌ಗಳಲ್ಲಿ ದೋಷ ಇದ್ದರೆ ಈ ಎರಡೂ ಕ್ಯಾನ್ಸರ್‌ಗಳ ಅಪಾಯ ಹೆಚ್ಚು. ಬಿಆರ್‌ಸಿಎ1 ದೋಷ ಇರುವ 100 ಹೆಂಗಸರಲ್ಲಿ ಸುಮಾರು 40 ಜನಕ್ಕೆ ಈ ಕ್ಯಾನ್ಸರ್ ಬರುತ್ತದೆ. ಅಂಥವರಿಗೆ ಮಕ್ಕಳಾದ ಮೇಲೆ, 35ರಿಂದ 40ರೊಳಗೆ ನಾಳ, ಅಂಡಾಶಯ ಎರಡನ್ನೂ ತೆಗೆಯಲು ಹೇಳುತ್ತಾರೆ.

ವರ್ಷವರ್ಷ ಸ್ಕ್ಯಾನಿಂಗ್, ಈ ಕ್ಯಾನ್ಸರಿನ ಸುಳಿವು ಹುಡುಕುವ ಸಿಎ-125 ರಕ್ತಪರೀಕ್ಷೆ ಮಾಡಿಸಿದರೆ ಸಾಕಲ್ವಾ ಅಂತಲೂ ಅನ್ನಿಸಬಹುದು. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಜಾಸ್ತಿ ಹೆಂಗಸರಲ್ಲಿ ಇದನ್ನು ನೋಡಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಸಾವು ಕಡಿಮೆ ಆಗಿರಲಿಲ್ಲ. ಹಾಗಾಗಿ ಮೈಯ ಮಾತು ಕೇಳಿಸಿಕೊಳ್ಳಿ. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗುವುದು, ಕೆಳಹೊಟ್ಟೆ ನೋವು, ಪದೇಪದೇ ಮೂತ್ರಕ್ಕೆ ಹೋಗುವುದು. ಇವು ಹೊಸದಾಗಿ ಶುರುವಾಗಿ ಎರಡು ಮೂರು ವಾರ ಹೆಚ್ಚುಕಡಿಮೆ ದಿನಾ ಕಾಡಿದರೆ ‘ಗ್ಯಾಸ್ ಇರಬೇಕು’ ಅಂತ ಸುಮ್ಮನಿರದೆ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಆ ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ.